ಕಿರಿಯ ವೈದ್ಯರಿಗೆ ಜಂಟಿ ತರಬೇತಿ: ಮೊದಲು ಡ್ಯೂಟಿ ಪಟ್ಟಿ ತರಿಸಿ

ನಾಲ್ಕೈದು ಸರ್ಕಾರಿ ಆಸ್ಪತ್ರೆಗಳ ಜೂನಿಯರ್ ಡಾಕ್ಟರ್‌ಗಳಿಗೆ ಒಟ್ಟಿಗೆ ತರಬೇತಿ ಅಂದ ಕೂಡಲೇ ಎಲ್ಲರೂ ವಿಷಯಗಳ ಪಟ್ಟಿ ಬರೆಯಲು ಕೂರುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೊದಲ ದಿನ 20 ಜನ ಬರಬೇಕಿತ್ತು, ಬಂದವರು 7. ಅವರಲ್ಲೊಬ್ಬಳು ನೈಟ್ ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ಪೆನ್ನು ಹಿಡಿದುಕೊಂಡೇ ನಿದ್ದೆ ಹೋದಳು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಅದಕ್ಕೇ ಮೊದಲು ಎಲ್ಲ ಆಸ್ಪತ್ರೆಗಳ ಡ್ಯೂಟಿ ಪಟ್ಟಿ ತರಿಸಿ, ಪಕ್ಕಪಕ್ಕ ಇಟ್ಟು ನೋಡಿ. ತರಗತಿಯ ಹೊತ್ತಿನಲ್ಲಿ ಯಾವ ವಾರ್ಡನ್ನು ಯಾವ ಹಿರಿಯರು ನೋಡಿಕೊಳ್ಳುತ್ತಾರೆ ಅಂತ ಹೆಸರು ಹಿಡಿದು ಬರೆಸಿ. ‘ಯಾರಾದ್ರೂ ನೋಡ್ಕೋತಾರೆ’ ಅಂದರೆ ಯಾರೂ ನೋಡುವುದಿಲ್ಲ. ವಾರ್ಡಿನ ಫೋನೂ ಆ ಹಿರಿಯರಿಗೇ ಹೋಗಲಿ. ಒಂದೇ ತರಗತಿಯನ್ನು ವಾರದಲ್ಲಿ ಎರಡು ಸಲ ಇಡಿ. ನೈಟ್ ಮಾಡಿದವರು ಮಲಗಿ ಎದ್ದು ಇನ್ನೊಂದಕ್ಕೆ ಬರಲಿ.

ವಿಷಯ ಹಂಚುವುದು ಸುಲಭ. ಹೆರಿಗೆ ಜಾಸ್ತಿ ಆಗುವ ಆಸ್ಪತ್ರೆ ಹೆರಿಗೆ ನಂತರದ ರಕ್ತಸ್ರಾವ ಕಲಿಸಲಿ, ಅಪಘಾತದ ಕೇಸು ಜಾಸ್ತಿ ಬರುವ ಕಡೆಯವರು ಟ್ರಾಮಾ.

ಬರೀ ಸ್ಲೈಡ್ ತೋರಿಸುವುದಕ್ಕೆ ಅಷ್ಟು ಜನರನ್ನು ಓಡಾಡಿಸಬೇಡಿ. ಕೈಯಿಂದ ಮಾಡಿಸಿ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ತುರ್ತು ಚಿಕಿತ್ಸೆ) ತೆಗೆದುಕೊಳ್ಳಿ: ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳ, ಎಲ್ಲರಿಗೂ ಬಾಯಿಪಾಠ. ಬೊಂಬೆಯ ಎದೆ ಒತ್ತಲು ಹೇಳಿ ನೋಡಿ. ಸ್ವಲ್ಪ ಹೊತ್ತಿಗೇ ಮೊಣಕೈ ಬಾಗುತ್ತದೆ, ಆಳ ತಗ್ಗುತ್ತದೆ, ಒತ್ತುವವರಿಗೆ ಅದು ಗೊತ್ತೇ ಆಗುವುದಿಲ್ಲ. 2 ನಿಮಿಷಕ್ಕೊಮ್ಮೆ ಆಳು ಬದಲಿಸುವುದು ಅದಕ್ಕೇ ಅಲ್ವಾ? ಬದಲಿಸುವಾಗ ಕೈ ನಿಂತ ಹೊತ್ತನ್ನು ಗಡಿಯಾರ ಹಿಡಿದು ಎಣಿಸಿ. 10 ಸೆಕೆಂಡ್ ದಾಟಬಾರದು.

ಜಂಟಿ ತರಬೇತಿಯಿಂದ ಮಾತ್ರ ಸಿಗುವ ಪಾಠ ಒಂದಿದೆ, ಅದನ್ನು ಬಿಡಲೇಬೇಡಿ: ರೆಫರಲ್ ಫೋನ್, ಅಂದರೆ ರೋಗಿಯನ್ನು ಇನ್ನೊಂದು ಆಸ್ಪತ್ರೆಗೆ ಕಳಿಸುವಾಗ ಮಾಡುವ ಕರೆ. ಸಣ್ಣ ಆಸ್ಪತ್ರೆಯವರನ್ನೂ ದೊಡ್ಡ ಆಸ್ಪತ್ರೆಯವರನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬರು ರೋಗಿಯನ್ನು ಕಳಿಸುತ್ತಿರುವಂತೆ ಹೇಳಲಿ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಇನ್ನೊಬ್ಬರು ಕೇಳಿಸಿಕೊಂಡಿದ್ದನ್ನು ಬರೆಯಲಿ. ಆಮೇಲೆ ಇಬ್ಬರೂ ಚೀಟಿ ನೋಡಲಿ. ನಾನು ಮಾಡಿಸಿದಾಗ ಒಬ್ಬ ಹುಡುಗ ಬಿಪಿ, ನಾಡಿ ಎಲ್ಲ ಸರಿಯಾಗಿ ಹೇಳಿದ್ದ, ಕೊಟ್ಟ ಇಂಜೆಕ್ಷನ್ನಿನ ಹೊತ್ತನ್ನೇ ಬಿಟ್ಟಿದ್ದ. ಆ ಕಡೆಯವಳು ಕೇಳಿರಲೂ ಇಲ್ಲ. ಇಬ್ಬರೂ ತಾವಾಗೇ ಇನ್ನೊಂದು ಸಲ ಮಾಡಿದರು.

ಹಾಜರಾತಿ, ಕಲಿತ ಕೆಲಸಗಳ ಸಹಿ ಎಲ್ಲ ಆಸ್ಪತ್ರೆಗಳೂ ಒಪ್ಪುವ ಒಂದೇ ಲಾಗ್‌ಬುಕ್‌ನಲ್ಲಿರಲಿ. ಇದನ್ನು ಶುರುವಿನಲ್ಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಪೋಸ್ಟಿಂಗ್‌ಗೆ ಹೋದ ಕಡೆ ಅದೇ ತರಗತಿಯಲ್ಲಿ ಸುಮ್ನೆ ಮತ್ತೆ ಕೂರಿಸುತ್ತಾರೆ.