ಹೊಸ ಎಸ್‌ಎಸ್‌ಡಿಗೆ ವಿಂಡೋಸ್ 11 ಹಾಕುವ ಮುಂಚೆ ಹಳೇ ಹಾರ್ಡ್ ಡಿಸ್ಕ್ ಬಿಚ್ಚಿಡಿ

2018–20ರ ಸುಮಾರಿಗೆ ಕೊಂಡ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದ್ದು, ಪಕ್ಕದಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಿಂದಾದ ವೇಗದ ಡಿಸ್ಕ್) ಕೂರಿಸುವ ಎಂ.2 ಸ್ಲಾಟ್ ಖಾಲಿ ಬಿದ್ದಿರುತ್ತದೆ. ಇಂಟೆಲ್ 8ನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಇದ್ದರೆ ಇಂಥ ಯಂತ್ರಗಳು ಸಾಮಾನ್ಯವಾಗಿ ವಿಂಡೋಸ್ 11ಕ್ಕೆ ಒಗ್ಗುತ್ತವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಆ ಸ್ಲಾಟ್ ತುಂಬಿಸಲು ಇದೇ ಸರಿಯಾದ ಹೊತ್ತು.

ಕೊಳ್ಳುವ ಮುಂಚೆ ಲ್ಯಾಪ್‌ಟಾಪ್ ಮಾದರಿಯ ಕೈಪಿಡಿ ನೋಡಿ. ಕೆಲವು ಸ್ಲಾಟ್‌ಗಳು ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿಯನ್ನು ಮಾತ್ರ ಒಪ್ಪುತ್ತವೆ, ಕೆಲವು ಸಾಟಾ ಎಂಬ ಹಳೇ ಬಗೆಯದನ್ನು ಮಾತ್ರ. ಎರಡೂ ನೋಡಲು ಚೂಯಿಂಗ್ ಗಮ್ ಪಟ್ಟಿಯಂತೆ ಒಂದೇ ಥರ ಇರುತ್ತವೆ. ಕೂರಿಸಿದರೆ ಕೂರಬಹುದು, ಆದರೆ ಯಂತ್ರ ಗುರುತಿಸುವುದಿಲ್ಲ. ಅಳತೆ ಬಹುತೇಕ 2280, ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ.

ತಯಾರಿಗೆ 8 ಜಿಬಿಯ ಪೆನ್ ಡ್ರೈವ್ ಸಾಕು. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅದರಲ್ಲಿರುವುದನ್ನೆಲ್ಲ ಅಳಿಸಿ ಇನ್‌ಸ್ಟಾಲರ್ ತುಂಬುತ್ತದೆ. ಹಳೇ ಡಿಸ್ಕ್‌ಗೆ ಬಿಟ್‌ಲಾಕರ್ (ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿಡುವ ವಿಂಡೋಸ್ ಬೀಗ) ಇದೆಯೇ ನೋಡಿ, ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರಗಳಿದ್ದರೆ ಆ ಫಾಂಟ್ ಫೈಲುಗಳನ್ನೂ ತೆಗೆದಿಡಿ. ಯುನಿಕೋಡ್ ಅಲ್ಲದ ಬರವಣಿಗೆ ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಲ್ಯಾಟಿನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ; ಎಷ್ಟೋ ಜನ ಫೈಲೇ ಕೆಟ್ಟಿತೆಂದುಕೊಂಡು ಅಳಿಸಿಬಿಡುತ್ತಾರೆ.

ಈಗ ಯಂತ್ರ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಹಿಂಬದಿ ಮುಚ್ಚಳ ಬಿಚ್ಚಿ. ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯುವುದು. ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ತುದಿಯನ್ನು ಉಗುರಿನಿಂದ ಮೆಲ್ಲಗೆ ಸರಿಸಿ. ಎಸ್‌ಎಸ್‌ಡಿಯನ್ನು ಓರೆಯಾಗಿ ಹಿಡಿದು ಸ್ಲಾಟ್‌ಗೆ ತಳ್ಳಿ. ಚಿನ್ನದ ಬಣ್ಣದ ಕಡ್ಡಿಗಳು ಹೆಚ್ಚೂಕಡಿಮೆ ಮರೆಯಾದರೆ ಸರಿಯಾಗಿ ಕೂತಿದೆ ಎಂದರ್ಥ. ಕೈ ಬಿಟ್ಟರೆ ಇನ್ನೊಂದು ತುದಿ ಸ್ಪ್ರಿಂಗಿನಂತೆ ಮೇಲೇಳುತ್ತದೆ, ಅದನ್ನು ಒತ್ತಿ ಹಿಡಿದು ಸ್ಕ್ರೂ ಹಾಕಿ. ಈ ಪುಟ್ಟ ಸ್ಕ್ರೂ ಎಸ್‌ಎಸ್‌ಡಿ ಡಬ್ಬಿಯಲ್ಲಿ ಬರುತ್ತದೆಂಬ ಭರವಸೆಯಿಲ್ಲ, ಬೇರೆ ಕೇಳಿ ತನ್ನಿ.

ಮುಚ್ಚಳ ತೆರೆದಿರುವಾಗಲೇ ಹಾರ್ಡ್ ಡಿಸ್ಕ್‌ನ ಕೇಬಲ್ಲನ್ನೂ ಬಿಚ್ಚಿಡಿ. ಇದನ್ನು ಮಾತ್ರ ಬಿಡಬೇಡಿ. ಎರಡೂ ಡಿಸ್ಕ್ ಇದ್ದಾಗ ಇನ್‌ಸ್ಟಾಲರ್ ಹಳೆಯದರಲ್ಲಿ ಮೊದಲೇ ಇರುವ ಇಎಫ್‌ಐ ಪಾರ್ಟಿಷನ್ (ಯಂತ್ರ ಏಳಲು ಬೇಕಾದ ಫೈಲುಗಳಿರುವ ಡಿಸ್ಕ್‌ನ ಪುಟ್ಟ ಭಾಗ) ಕಂಡು, ಬೂಟ್ ಫೈಲುಗಳನ್ನು ಅಲ್ಲೇ ಬರೆದುಬಿಡಬಹುದು. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಬಾಗಿಲ ಬೀಗ ಹಾರ್ಡ್ ಡಿಸ್ಕ್‌ನಲ್ಲಿ! ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಹಳೇ ಡಿಸ್ಕ್ ತೆಗೆದ ದಿನ ಅಥವಾ ಅದು ಕೈಕೊಟ್ಟ ದಿನ ಯಂತ್ರ ಏಳುವುದೇ ಇಲ್ಲ. ಕೇಬಲ್ ಬಿಚ್ಚಿದ್ದರೆ ಇನ್ನೊಂದು ಲಾಭವೂ ಇದೆ: ತಪ್ಪು ಡಿಸ್ಕ್ ಅಳಿಸುವ ಪ್ರಮೇಯವೇ ಬರುವುದಿಲ್ಲ.

ಬ್ಯಾಟರಿ ಜೋಡಿಸಿ, ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿ. ಯಾವುದರಿಂದ ಏಳಬೇಕೆಂದು ಆರಿಸುವ ಬೂಟ್ ಮೆನುಗೆ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಪೆನ್ ಡ್ರೈವ್ ಹೆಸರು ಎರಡು ಸಲ ಕಂಡರೆ ಯುಇಎಫ್‌ಐ ಎಂದು ಬರೆದಿರುವುದನ್ನೇ ಆರಿಸಿ.

ಪ್ರಾಡಕ್ಟ್ ಕೀ ಕೇಳಿದರೆ ಇಲ್ಲವೆನ್ನಿ. ಲೈಸೆನ್ಸ್ ಇರುವುದು ಮದರ್‌ಬೋರ್ಡ್‌ಗೆ, ಡಿಸ್ಕ್‌ಗಲ್ಲ. ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ಆದರೆ ಎಡಿಷನ್ ಮೊದಲಿದ್ದದ್ದೇ ಇರಬೇಕು. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಹೆಚ್ಚು. ಆಸೆಗೆ ಪ್ರೊ ಆರಿಸಿದರೆ ಆಕ್ಟಿವೇಟ್ ಆಗದು.

ಡಿಸ್ಕ್ ಪಟ್ಟಿಯಲ್ಲಿ 512 ಜಿಬಿಯ ಎಸ್‌ಎಸ್‌ಡಿ 476 ಜಿಬಿ ಎಂದು ಕಾಣುತ್ತದೆ. ಲೆಕ್ಕದ ಪದ್ಧತಿ ಬೇರೆ ಅಷ್ಟೇ, ಮೋಸವಲ್ಲ. ಖಾಲಿ ಜಾಗವನ್ನು ಹಾಗೇ ಆರಿಸಿ ಮುಂದುವರಿಯಿರಿ, ಬೇಕಾದ ಪಾರ್ಟಿಷನ್‌ಗಳನ್ನು ಇನ್‌ಸ್ಟಾಲರೇ ಮಾಡಿಕೊಳ್ಳುತ್ತದೆ. ಪಟ್ಟಿಯೇ ಬರಿದಾಗಿದ್ದರೆ ಎಸ್‌ಎಸ್‌ಡಿ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಇಂಟೆಲ್ ಯಂತ್ರಗಳಲ್ಲಿ, ಅದರಲ್ಲೂ 11ನೇ ತಲೆಮಾರಿನಿಂದೀಚೆಗೆ, ಎಸ್‌ಎಸ್‌ಡಿ ಕಾಣಲು ರಾಪಿಡ್ ಸ್ಟೋರೇಜ್ ಡ್ರೈವರ್ ಎಂಬ ತಂತ್ರಾಂಶ ಬೇಕಾಗಬಹುದು. ಅದನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಳಿಸಿ, ಬಿಡಿಸಿದ ಫೋಲ್ಡರನ್ನು ಪೆನ್ ಡ್ರೈವ್‌ಗೆ ಹಾಕಿ ಲೋಡ್ ಡ್ರೈವರ್ ಒತ್ತಿ. ಇನ್‌ಸ್ಟಾಲರ್‌ಗೆ ಬೇಕಿರುವುದು ಒಳಗಿನ ಐಎನ್‌ಎಫ್ ಫೈಲು. ಇಎಕ್ಸ್‌ಇ ಹಾಗೇ ಇಟ್ಟರೆ ಅದಕ್ಕೆ ಕಾಣುವುದಿಲ್ಲ.

ಮೊದಲ ರೀಸ್ಟಾರ್ಟ್ ಆದಾಗ ಪೆನ್ ಡ್ರೈವ್‌ನಿಂದ ಮತ್ತೆ ಬೂಟ್ ಮಾಡಬೇಡಿ, ಕತೆ ಮೊದಲಿಂದ ಶುರುವಾಗುತ್ತದೆ. ವೈಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ.

ವಿಂಡೋಸ್ ಒಮ್ಮೆ ಸರಿಯಾಗಿ ಎದ್ದ ಮೇಲೆ ಆಫ್ ಮಾಡಿ, ಬ್ಯಾಟರಿ ತೆಗೆದು, ಹಾರ್ಡ್ ಡಿಸ್ಕ್ ಮತ್ತೆ ಜೋಡಿಸಿ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಯಂತ್ರದ ಸೆಟ್ಟಿಂಗ್ ಪರದೆ) ಬೂಟ್ ಕ್ರಮದಲ್ಲಿ ಎಸ್‌ಎಸ್‌ಡಿಯನ್ನು ಮೊದಲ ಸ್ಥಾನಕ್ಕೆ ತನ್ನಿ. ಹಳೇ ವಿಂಡೋಸನ್ನು ಒಂದೆರಡು ವಾರ ಮುಟ್ಟಬೇಡಿ, ಮರೆತ ಫೈಲು ನೆನಪಾಗುವುದು ಆಗಲೇ. ಆಮೇಲೆ ಅಳಿಸುವಾಗ ಹಳೇ ಇಎಫ್‌ಐ ಪಾರ್ಟಿಷನ್‌ನ ಡಿಲೀಟ್ ಆಯ್ಕೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಂಕಾಗಿರುತ್ತದೆ. ಡಿಸ್ಕ್‌ಪಾರ್ಟ್ ಎಂಬ, ಆದೇಶ ಟೈಪ್ ಮಾಡುವ ವಿಂಡೋಸ್ ಸಾಧನದಲ್ಲಿ ಹಳೇ ಡಿಸ್ಕನ್ನೂ ಆ ಪಾರ್ಟಿಷನ್ನನ್ನೂ ಸೆಲೆಕ್ಟ್ ಮಾಡಿ, ಡಿಲೀಟ್ ಪಾರ್ಟಿಷನ್ ಓವರ್‌ರೈಡ್ ಎಂದು ಕೊಡಬೇಕು. ಎಂಟರ್ ಒತ್ತುವ ಮುಂಚೆ ಡಿಸ್ಕ್‌ನ ಗಾತ್ರ ಇನ್ನೊಮ್ಮೆ ನೋಡಿ: 931 ಜಿಬಿ ಇದ್ದರೆ ಅದೇ ಹಳೆಯದು.