ನಾಯಿಗಳಿಗೆ ಮಳೆಗಾಲದ ಮಾಡು: ಅಪಾರ್ಟ್‌ಮೆಂಟಿನಲ್ಲಿ ಕಟ್ಟಿಸಿದ ಅನುಭವ

ಬೆಂಗಳೂರಿನ ಮಳೆ ಮಲೆನಾಡಿನ ಜಡಿಮಳೆಯಲ್ಲ. ಮಧ್ಯಾಹ್ನ ಕಳೆದು ಮೋಡ ಕಟ್ಟುತ್ತದೆ, ಸರಿಯಾಗಿ ನಾಯಿಯನ್ನು ಕೆಳಗಿಳಿಸುವ ಹೊತ್ತಿಗೆ ಸುರಿಯುತ್ತದೆ, ರಾತ್ರಿ ಊಟದ ಹೊತ್ತಿಗೆ ಬಿಡುತ್ತದೆ. ಹಾಗಾಗಿ 'ಇಂಡೋರ್ ಡಾಗ್ ಪಾರ್ಕ್ ಬೇಕು' ಎಂಬ ಬೇಡಿಕೆ ಬಂದ ಕೂಡಲೇ ನಾವು ಎಸ್ಟಿಮೇಟ್ ಹಾಕಿಸಲಿಲ್ಲ. ಸೆಕ್ಯೂರಿಟಿ ಟೇಬಲ್ಲಿನ ಮೇಲೆ ಎರಡು ವಾರ ಒಂದು ನೋಟ್‌ಬುಕ್ ಇಡಿಸಿದೆವು. ನಾಯಿಯ ವಯಸ್ಸು, ತೂಕ, ಇಳಿದ ಸಮಯ, ಮಳೆಗಾಗಿ ಎಷ್ಟು ಹೊತ್ತು ಕಾದರು, ಕೊನೆಯ ಕಾಲಮ್ಮಿನಲ್ಲಿ 'ಮನೆಯೊಳಗೆ ಒಂದಕ್ಕೆ, ಎರಡಕ್ಕೆ ಹೋಗುತ್ತದೆಯೇ'.

ತೀರ್ಮಾನ ಮಾಡುವುದು ಆ ಕೊನೆಯ ಕಾಲಮ್ಮು. ಆರೋಗ್ಯವಾಗಿರುವ ಬೆಳೆದ ನಾಯಿಗೆ ವಾಕಿಂಗ್ ಒಂದು ಗಂಟೆ ತಡವಾದರೆ ಏನೂ ಆಗುವುದಿಲ್ಲ. ಕಷ್ಟ ಇರುವುದು ಮೂಳೆ ಸವೆದ ಮುದಿ ನಾಯಿಗೆ, ಆಗಷ್ಟೇ ಹೊರಗೆ ಹೋಗುವುದನ್ನು ಕಲಿತ ಮರಿಗೆ, ಮನೆಯಲ್ಲಿ ಹಟ ಹಿಡಿದು ತಡೆದುಕೊಂಡು ಕೂರುವ ನಾಯಿಗೆ. ಅಂದರೆ ಬೇಕಾಗಿರುವುದರಲ್ಲಿ ಆಟದ ಜಾಗ ಎರಡನೆಯದು, ಮೊದಲನೆಯದು ಒಣಗಿದ ಶೌಚದ ಜಾಗ. ಇದನ್ನು ಒಪ್ಪಿಕೊಂಡರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಎರಡನೆಯ ಪ್ರಶ್ನೆ ಗೋಡೆಯದು. ನಮ್ಮ ಅಭಿಪ್ರಾಯ ನೇರವಾಗಿದೆ: ಬೆಂಗಳೂರಿಗೆ ಮಾಡು ಸಾಕು, ನಾಲ್ಕು ಗೋಡೆ ಬೇಡ. ಮುಚ್ಚಿದ ಕೋಣೆಯಲ್ಲಿ ಒಂದು ನಾಯಿ ಕೆಮ್ಮಿದರೆ ಕೆನೆಲ್ ಕಾಫ್ ಎಂಬ ಅಂಟುಕೆಮ್ಮು ಉಳಿದವಕ್ಕೂ ಹತ್ತುತ್ತದೆ. ಬೊಗಳಿದ ಸದ್ದು ಗೋಡೆಗೆ ಬಡಿದು ವಾಪಸ್ ಬಂದು ನಾಯಿಗಳೇ ಕೆರಳುತ್ತವೆ. ಇನ್ನು ಉಣುಗು. ನಮ್ಮ ಊರುಗಳ ನಾಯಿಗಳಿಗೆ ಟಿಕ್ ಫೀವರ್ ತರುವ ಕಂದು ಉಣುಗಿಗೆ ಹುಲ್ಲೇ ಬೇಕೆಂದಿಲ್ಲ, ಅದು ಕಟ್ಟಡದೊಳಗೆ ಸುಖವಾಗಿ ಸಂಸಾರ ಮಾಡುತ್ತದೆ. ರಕ್ತ ಕುಡಿದು ಊದಿದ ಹೆಣ್ಣು ನಾಯಿಯಿಂದ ಉದುರಿ, ಗೋಡೆ ಹತ್ತಿ, ಸ್ಕರ್ಟಿಂಗ್ ಸಂದಿಯಲ್ಲೋ ಸ್ವಿಚ್ ಬಾಕ್ಸ್ ಹಿಂದೆಯೋ ಸೇರಿಕೊಂಡು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬಿರುಕು ಬಿಟ್ಟ ಗೋಡೆಯ ಬೆಚ್ಚಗಿನ ಕೋಣೆ, ದಿನಾ ಬಂದು ಹೋಗುವ ನಾಯಿಗಳು: ಅದಕ್ಕೆ ಇದಕ್ಕಿಂತ ಒಳ್ಳೆಯ ಮನೆ ಸಿಗುವುದಿಲ್ಲ. ಗೋಡೆ ಇದ್ದೇ ಇದ್ದರೆ ನೆಲದಿಂದ ಸೂರಿನವರೆಗೆ ಪ್ರತಿ ಸಂದಿಯನ್ನೂ ಸಿಲಿಕೋನ್ ಹಾಕಿ ಮುಚ್ಚಿಸಿ.

ಬೇಸ್‌ಮೆಂಟ್ ಖಾಲಿ ಇದೆಯಲ್ಲ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಬೇಡ. ಕಾರಿನ ಹೊಗೆ ನೆಲಮಟ್ಟದಲ್ಲೇ ಬರುತ್ತದೆ, ನಾಯಿಯ ಮೂಗು ಇರುವುದೂ ಅಲ್ಲೇ. ಜೋರು ಮಳೆಗೆ ಮೊದಲು ನೀರು ನುಗ್ಗುವುದೂ ಬೇಸ್‌ಮೆಂಟಿಗೆ. ಅನುಮೋದಿತ ನಕ್ಷೆಯಲ್ಲಿ ಪಾರ್ಕಿಂಗ್ ಎಂದಿರುವುದನ್ನು ಮುಚ್ಚಿ ಬೇರೆ ಕೆಲಸಕ್ಕೆ ಬಳಸಿದರೆ ಆ ತಲೆನೋವು ಬೇರೆ. ಮುಚ್ಚಿದ ಹಾಲ್ ಬಿಟ್ಟರೆ ಗತಿಯಿಲ್ಲ ಎನ್ನುವವರು ಗಾಳಿಯ ಲೆಕ್ಕ ಹಾಕಲೇಬೇಕು. 40 ಅಡಿ ಉದ್ದ, 25 ಅಡಿ ಅಗಲ, 10 ಅಡಿ ಎತ್ತರ ಎಂದರೆ 10,000 ಘನ ಅಡಿ. ಗಂಟೆಗೆ 12 ಸಲ ಗಾಳಿ ಬದಲಾಗಬೇಕಾದರೆ 1,20,000 ಘನ ಅಡಿ, ಅಂದರೆ ಸುಮಾರು 3,400 ಘನ ಮೀಟರ್. ಗಂಟೆಗೆ 1,800 ಘನ ಮೀಟರ್ ಎಳೆಯುವ ಎಕ್ಸಾಸ್ಟ್ ಫ್ಯಾನ್ ಎರಡು ಬೇಕು. ಎದುರು ಗೋಡೆಯಲ್ಲಿ ಗಾಳಿ ಒಳಬರಲು ಕಿಂಡಿಯೂ ಬೇಕು. ಕಿಂಡಿ ಮರೆತರೆ ಫ್ಯಾನ್ ಬರೀ ಸದ್ದು ಮಾಡುತ್ತದೆ.

ನಾವು ಕಟ್ಟಿಸಿದ್ದು ಅದೇ 40x25 ಅಡಿಯ ಶೆಡ್ಡು, ಸುತ್ತ ಜಾಲರಿ. ಮೇಲೆ ಬರೀ ತಗಡಿನ ಶೀಟ್ ಹಾಕಬಾರದು. ಮಳೆ ಬಿದ್ದರೆ ತಮಟೆ ಬಾರಿಸಿದ ಹಾಗಾಗಿ, ಗುಡುಗಿಗೆ ಹೆದರುವ ನಾಯಿ ಒಳಗೇ ಬರುವುದಿಲ್ಲ. ನಡುವೆ ಫೋಮ್ ಇರುವ ಪಫ್ ಶೀಟ್ ಹಾಕಿದರೆ ಸದ್ದೂ ಕಡಿಮೆ, ಏಪ್ರಿಲ್ ಬಿಸಿಲೂ ಕಡಿಮೆ. ಸೂರಂಚು 8 ಅಡಿ ಎತ್ತರಕ್ಕಿರಲಿ, ಜಾಲರಿಯಿಂದ ಆಚೆ 4 ಅಡಿ ಚಾಚಿರಲಿ. ಮುಂಗಾರಿನ ಎರಚಲು ಪಶ್ಚಿಮ, ನೈಋತ್ಯದಿಂದ, ಹಿಂಗಾರಿನದು ಪೂರ್ವದಿಂದ. ಹಾಗಾಗಿ ಎರಡು ಬದಿಗೂ ಸುರುಳಿ ಸುತ್ತುವ ಟಾರ್ಪಾಲಿನ್ ಪರದೆ ಬೇಕು, ನೆಲಕ್ಕೆ 2 ಅಡಿ ಮೇಲೆ ನಿಲ್ಲುವಂತೆ. ಪೂರ್ತಿ ಇಳಿಸಿದರೆ ಮತ್ತೆ ಮುಚ್ಚಿದ ಕೋಣೆಯೇ. ಮಂಗಳೂರು, ಉಡುಪಿ ಕಡೆಯಾದರೆ ಪಶ್ಚಿಮಕ್ಕೆ ಗೋಡೆಯೇ ಬೇಕು, ಅಲ್ಲಿಯ ಗಾಳಿಮಳೆಗೆ ಪರದೆ ನಿಲ್ಲುವುದಿಲ್ಲ.

ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದರೆ ಲ್ಯಾಬ್ರಡಾರ್ ತಿರುವಿನಲ್ಲಿ ಜಾರಿ ಮಂಡಿಯ ಲಿಗಮೆಂಟ್ ಹರಿದುಕೊಳ್ಳುತ್ತದೆ. ಕೃತಕ ಹುಲ್ಲು ನೋಡಲು ಚೆಂದ, ಮೂತ್ರ ಬುಡದಲ್ಲಿ ಕೂತು ವಾಸನೆ ಹೋಗುವುದೇ ಇಲ್ಲ. ಅಂಟಿಸುವ ಜಿಮ್ ರಬ್ಬರ್ ಟೈಲ್ಸಿನದೂ ಅದೇ ಕಥೆ, ಜೋಡಣೆಯ ಗೆರೆಯಲ್ಲಿ ಮೂತ್ರ ಇಳಿಯುತ್ತದೆ. ನಮಗೆ ಒಗ್ಗಿದ್ದು ಬ್ರಷ್ ಎಳೆದ ಕಾಂಕ್ರೀಟ್, ಅದರ ಮೇಲೆ ಕೊಟ್ಟಿಗೆಗೆ ಹಾಸುವ ಹಸುವಿನ ಮ್ಯಾಟ್. ಅಡಿಭಾಗದಲ್ಲಿ ನೀರು ಹರಿಯಲು ಗೆರೆಗಳಿರುವ ದಪ್ಪ ಮ್ಯಾಟನ್ನೇ ಕೇಳಿ ತನ್ನಿ. ಇಬ್ಬರು ಸೇರಿದರೆ ಎತ್ತಿ ತೊಳೆಯಬಹುದು. ಕಾಂಕ್ರೀಟಿಗೆ 10 ಅಡಿಗೆ ಒಂದೂವರೆ ಇಂಚಿನ ವಾಟ ಕೊಡಿಸಿ. ಗಾರೆಯವರು 'ಸಾಕು ಸಾರ್' ಎಂದು ಅರ್ಧ ಇಂಚಿಗೆ ನಿಲ್ಲಿಸುತ್ತಾರೆ. ಕೆಲಸದವರು ಹೋಗುವ ಮುಂಚೆ ಒಂದು ಬಕೆಟ್ ನೀರು ಸುರಿದು ನೋಡಿ.

ಶೌಚದ ಮಡಿ 8x4 ಅಡಿ, ಪ್ರವೇಶಕ್ಕೆ ದೂರದ ಮೂಲೆಯಲ್ಲಿ. ತಳಕ್ಕೆ ವಾಟ ಕೊಟ್ಟು, 4 ಇಂಚು 40 ಎಂಎಂ ಜಲ್ಲಿ, ಮೇಲೆ ನೀರು ಬಿಟ್ಟು ಮರಳು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ 4 ಇಂಚು ಒರಟು ಮರಳು. ನಯವಾದ ಎಂ-ಸ್ಯಾಂಡ್ ಹಾಕಿದರೆ ಅದರ ಧೂಳು ಬಟ್ಟೆಯ ಕಣ್ಣು ಮುಚ್ಚಿ ನೀರು ನಿಲ್ಲುತ್ತದೆ. ಮಧ್ಯದಲ್ಲಿ 3 ಅಡಿಯ ಒಂದು ಕಂಬ ನೆಡಿ, ಗಂಡು ನಾಯಿಗಳಿಗೆ ಅದಿಲ್ಲದಿದ್ದರೆ ಶೆಡ್ಡಿನ ಕಂಬವೇ ಗುರಿ. 4 ಇಂಚಿನ ಪೈಪು ಒಳಚರಂಡಿಗೆ ಹೋಗಬೇಕು, ಮಳೆನೀರಿನ ಲೈನಿಗಲ್ಲ. ತೊಳೆಯುವ ನೀರಿನ ಮೋರಿಗೆ ಎತ್ತಿ ತೆಗೆಯುವ ಜಾಲರಿ ಬುಟ್ಟಿ ಇಡಿ, ಕೂದಲು ಕಟ್ಟಿಕೊಳ್ಳುವುದು ಅಲ್ಲೇ. ಹೊಸ ಮರಳಿನ ಮೇಲೆ ನಾಯಿ ಒಂದಕ್ಕೆ ಹೋಗುವುದಿಲ್ಲ. ಅದರದೇ ಮೂತ್ರ ಒರೆಸಿದ ಪೇಪರನ್ನು ಎರಡು ದಿನ ಅಲ್ಲಿ ಹೂತಿಟ್ಟರೆ ದಾರಿಗೆ ಬರುತ್ತದೆ. ಮರಳನ್ನು ದಿನಾ ಕೆದಕಿ ಹೊರಳಿಸಬೇಕು, ವಾಸನೆ ಬಂದಾಗ ಮೇಲಿನ 2 ಇಂಚು ಬದಲಿಸಬೇಕು.

ಜಾಲರಿ 5 ಅಡಿ, ಕೆಳಗಿನ 2 ಅಡಿಗೆ ಒಂದಿಂಚಿನ ಕಣ್ಣಿನ ವೆಲ್ಡ್ ಮೆಶ್. ಬಾಗಿಲು ಎರಡು, ನಡುವೆ 5x4 ಅಡಿಯ ಗೂಡು. ಎರಡೂ ಒಳಮುಖವಾಗಿ ತೆರೆಯಬೇಕು, ಆಗ ಒಳಗಿನ ನಾಯಿ ನೂಕಿದಷ್ಟೂ ಬಾಗಿಲು ಬಿಗಿಯಾಗುತ್ತದೆ. ಬೆಲ್ಟನ್ನು ಆ ಗೂಡಿನಲ್ಲೇ ಬಿಚ್ಚಿಸಿ. ಬಿಟ್ಟ ನಾಯಿಗಳ ನಡುವೆ ಬೆಲ್ಟ್ ಹಾಕಿದ ನಾಯಿ ಬಂದರೆ ಅದಕ್ಕೆ ಓಡಿ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಕಚ್ಚುತ್ತದೆ. ಒಳಗೆ 12 ಅಡಿ ಅಗಲವನ್ನು 10 ಕೆಜಿಗಿಂತ ಕಡಿಮೆ ತೂಕದವಕ್ಕೆ ಬೇರೆ ಮಾಡಿದ್ದೇವೆ. ವೈರಿಂಗಿಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ಸ್ವಿಚ್ಚು 5 ಅಡಿ ಮೇಲೆ.

ತೊಳೆಯುವ ಕ್ರಮ ತಪ್ಪುವುದು ಫಿನಾಯಿಲಿನಿಂದ. ವಾಸನೆ ಮುಚ್ಚುತ್ತದೆ, ನಾಯಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ಸಾಯುವುದಿಲ್ಲ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲು ಮಲ ಎತ್ತಿ, ಸೋಪು ನೀರಿನಲ್ಲಿ ಉಜ್ಜಿ, ಮೂತ್ರ ಪೂರ್ತಿ ಹೋಗುವಷ್ಟು ನೀರು ಬಿಡಿ. ಮೂತ್ರದ ಅಮೋನಿಯಾಗೆ ಬ್ಲೀಚ್ ತಾಗಿದರೆ ಕಣ್ಣು, ಗಂಟಲು ಉರಿಸುವ ಗಾಳಿ ಹುಟ್ಟುತ್ತದೆ. ಆಮೇಲೆ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಒಂದು ಪಾಲು, ನೀರು 30 ಪಾಲು, ನೆಲದ ಮೇಲೆ 10 ನಿಮಿಷ ನಿಂತು ಮತ್ತೆ ತೊಳೆಯಬೇಕು. ಬೆರೆಸಿದ್ದು ಅಂದೇ ಮುಗಿಯಬೇಕು. ಅಪಾರ್ಟ್‌ಮೆಂಟಿಗೆ ಕೊಳಚೆ ನೀರು ಶುದ್ಧೀಕರಿಸುವ ಘಟಕ (ಎಸ್‌ಟಿಪಿ) ಇದ್ದರೆ ದಿನಾ ಬ್ಲೀಚ್ ಸುರಿಯಬೇಡಿ, ಅಲ್ಲಿಯ ಬ್ಯಾಕ್ಟೀರಿಯಾ ಸಾಯುತ್ತವೆ. ನಾವು ವಾರಕ್ಕೊಮ್ಮೆ ಹಾಗೂ ಯಾವುದಾದರೂ ನಾಯಿಗೆ ಭೇದಿಯಾದ ದಿನ ಮಾತ್ರ ಹಾಕುತ್ತೇವೆ, ಉಳಿದ ದಿನ ಎಂಜೈಮ್ ಕ್ಲೀನರ್.

ಒಳಗೆ ಬಿಡಲು ಲಸಿಕೆ ಕಾರ್ಡು ನೋಡುತ್ತೇವೆ: ರೇಬಿಸ್, ಡಿಎಚ್‌ಪಿಪಿಐ (ಡಿಸ್ಟೆಂಪರ್, ಪಾರ್ವೊ ಮುಂತಾದವಕ್ಕೆ ಸೇರಿಸಿ ಕೊಡುವ ಲಸಿಕೆ), ಲೆಪ್ಟೊ, ಕೆನೆಲ್ ಕಾಫ್. ಲೆಪ್ಟೊ ಅಂದರೆ ಇಲಿ ಜ್ವರ, ಇಲಿ ಮೂತ್ರ ಸೇರಿದ ನಿಂತ ನೀರಿನಿಂದ ಬರುವಂಥದ್ದು, ಮನುಷ್ಯರಿಗೂ ತಗಲುತ್ತದೆ. ಅದರ ಲಸಿಕೆ ವರ್ಷ ವರ್ಷ ಹಾಕಿಸಬೇಕು. ಮರಿಗೆ 16 ವಾರ ದಾಟಿ ಕೊನೆಯ ಡೋಸ್ ಆಗಿ ಎರಡು ವಾರ ಕಳೆದಿರಬೇಕು. ಬೆದೆಗೆ ಬಂದ ಹೆಣ್ಣಿಗೆ ಮೂರು ವಾರ ಪ್ರವೇಶವಿಲ್ಲ. ಒಂದು ಸಲಕ್ಕೆ ದೊಡ್ಡ ನಾಯಿ ಆರು, 25 ನಿಮಿಷ. ಚೆಂಡು, ಬಿಸ್ಕತ್ತು ಬೇಡ, ಜಗಳ ಶುರುವಾಗುವುದೇ ಅವುಗಳಿಂದ. ಮುಧೋಳದ ನಾಯಿಗೆ ಈ ಶೆಡ್ಡು ಓಡುವ ಜಾಗವೇ ಅಲ್ಲ. ವೇಗ ಹಿಡಿಯುವಷ್ಟರಲ್ಲಿ ಜಾಲರಿ ಬಂದಿರುತ್ತದೆ. ಅದನ್ನು ಮಡಿಯ ಹತ್ತಿರ ಕರೆತಂದು, ಮಳೆ ನಿಂತ ಮೇಲೆ ಬಯಲಿಗೆ ಕರೆದೊಯ್ಯಿರಿ.

ಇಷ್ಟಾದರೂ ನಾಯಿ ಇಲ್ಲದವರ ತಕರಾರು ಬರುತ್ತದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ನಿವಾಸಿಗಳ ಸಂಘ ಬಹುಮತದಿಂದಲೂ ಸಾಕುನಾಯಿ ನಿಷೇಧಿಸುವಂತಿಲ್ಲ. ಆದರೆ ಶೆಡ್ ಕಟ್ಟಿಸಿಕೊಡಿ ಎಂದು ಅದು ಹೇಳುವುದಿಲ್ಲ. ತೊಳೆಯುವ ಖರ್ಚು, ಮರಳಿನ ಖರ್ಚನ್ನು ನಾಯಿ ಇರುವ ಮನೆಗಳೇ ಹಂಚಿಕೊಂಡರೆ ಅರ್ಧ ತಕರಾರು ಇಳಿಯುತ್ತದೆ.

ರಾತ್ರಿ ಹತ್ತಕ್ಕೆ ಮ್ಯಾಟುಗಳನ್ನೆಲ್ಲ ಎತ್ತಿ ಜಾಲರಿಗೆ ಒರಗಿಸುತ್ತೇವೆ. ಬೆಳಿಗ್ಗೆ ಅಡಿಭಾಗಕ್ಕೆ ಕೈ ಒತ್ತಿ ನೋಡಿದಾಗ ಇನ್ನೂ ಒದ್ದೆಯಿದ್ದರೆ ಅವತ್ತು ಹಾಸುವುದಿಲ್ಲ, ನಾಯಿಯನ್ನು ಬೆಲ್ಟ್ ಬಿಚ್ಚದೆ ಬರೀ ಕಾಂಕ್ರೀಟಿನ ಮೇಲೆ ಮಡಿಯವರೆಗೆ ನಡೆಸಿಕೊಂಡು ಹೋಗಿ ವಾಪಸ್ ಕರೆತರಬೇಕು.