ನಿಂತುಹೋದ ಮಾಡೆಲ್ಲಿನ ಹಳೇ ಎಸ್‌ಯುವಿ: ಕೊಳ್ಳೋದಾ, ಬಿಡೋದಾ?

ಮಾಡೆಲ್ ನಿಂತುಹೋಗಿದೆ ಅಂದಮಾತ್ರಕ್ಕೆ ಗಾಡಿ ಕೆಟ್ಟದ್ದೇನಲ್ಲ. ಆದರೆ ನಾನು ಮೊದಲು ವಿಚಾರಿಸೋದು ಬಿಡಿಭಾಗಗಳನ್ನ. ಬ್ರೇಕ್ ಪ್ಯಾಡ್, ಫಿಲ್ಟರ್ ಹೇಗೋ ಸಿಗುತ್ತವೆ. ಅದೇ ಎಂಜಿನ್ ಬೇರೆ ಮಾಡೆಲ್ಲಿನಲ್ಲಿ ಇನ್ನೂ ಬರುತ್ತಿದ್ದರೆ ಅರ್ಧ ಚಿಂತೆ ಕಳೀತು. ಕಾಡೋದು ಹೆಡ್‌ಲ್ಯಾಂಪ್, ಮುಂದಿನ ಗಾಜು, ಬಾಗಿಲ ರಬ್ಬರ್, ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್). ನನ್ನ ಹಳೇ ಗಾಡಿ ಒಂದು ಟೇಲ್‌ಲ್ಯಾಂಪಿಗಾಗಿ ಎರಡು ತಿಂಗಳು ಶೆಡ್ಡಿನಲ್ಲಿ ಕೂತಿತ್ತು. ಇವೆಲ್ಲ ಸಿಗುತ್ತವಾ ಅಂತ ಫೋನಿನಲ್ಲೇ ಕೇಳಿಕೊಂಡು ಆಮೇಲೆ ಗಾಡಿ ನೋಡಲು ಹೊರಡಿ.

ಹೋದ ತಕ್ಷಣ ಬಾನೆಟ್ ಮುಟ್ಟಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗದ ತೊಂದರೆ ಮುಚ್ಚಿಡ್ತಿದ್ದಾರೇನೋ ಅಂತ ನನಗಂತೂ ಅನುಮಾನ. ಆಯಿಲ್ ಮುಚ್ಚಳದೊಳಗೆ ಕೆನೆಯಂಥ ಪದರ ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು. ಆಮೇಲೆ ಟಾರ್ಚ್ ಹಿಡಿದು ಗಾಡಿಯಡಿ ಮಲಗಿ, ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಸ್ (ಗಾಡಿಯನ್ನು ಹೊತ್ತಿರೋ ಲೋಹದ ಚೌಕಟ್ಟು) ತಟ್ಟಿ. ಟಣ್ ಅಂದರೆ ಸರಿ, ದಬ್ ಅಂದರೆ ತುಕ್ಕು ಒಳಗೊಳಗೇ ತಿಂದಿರುತ್ತೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನಷ್ಟು ಜೋರಾಗಿ ತಟ್ಟಿ. (ಮಾಲೀಕರು ಮುಖ ಗಂಟಿಕ್ಕುತ್ತಾರೆ, ಇಕ್ಕಲಿ.)

ಟೈರಿನ ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಫೋರ್ ವೀಲ್ ಡ್ರೈವನ್ನು (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡೋ ವ್ಯವಸ್ಥೆ) ಮಣ್ಣಿನ ಮೇಲೆ ಹಾಕಿ ನೋಡಿ. ಚಾಸಿಸ್ ನಂಬರು ದಾಖಲೆಗೆ ಹೊಂದದಿದ್ದರೆ ಚೌಕಾಸಿಗೇ ಇಳಿಯಬೇಡಿ, ಎದ್ದು ಬನ್ನಿ.